ಗೋಡೆ ಬಿದ್ದ ಮೇಲಿನ ಊರು

ಜಾವಾದ ಹಳ್ಳಿಗಳಲ್ಲಿ ಇಟ್ಟಿಗೆ ಗೋಡೆ ಎಂದರೆ ಅನುಕೂಲಸ್ಥರ ಗುರುತು. ಬಿದಿರು ತಟ್ಟಿಯ ಮನೆಯಲ್ಲಿ ಹುಟ್ಟಿ ಬೆಳೆದವರು ನಾಲ್ಕು ಕಾಸು ಕೂಡಿಟ್ಟು, ಒಂದು ಹಸು ಮಾರಿ, ಮಗ ಜಕಾರ್ತಾದಿಂದ ಕಳಿಸಿದ್ದನ್ನೂ ಸೇರಿಸಿ ಇಟ್ಟಿಗೆ ಮನೆ ಕಟ್ಟಿಸಿಕೊಳ್ಳುತ್ತಿದ್ದರು. ಕಳ್ಳ ತಟ್ಟಿ ಸೀಳಿ ನುಗ್ಗುವ ಭಯವಿಲ್ಲ, ಮಳೆಯ ಎರಚಲು ಒಳಗೆ ಬರುವುದಿಲ್ಲ, ಹೆಣ್ಣು ನೋಡಲು ಬಂದವರ ಎದುರು ಮಾನವೂ ಉಳಿಯುತ್ತದೆ. 2006ರ ಮೇ 27ರ ಶನಿವಾರ, ಬೆಳಿಗ್ಗೆ ಆರಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ, ಆ ಗೋಡೆಗಳೇ ಜನರ ಮೇಲೆ ಬಿದ್ದವು. ಭೂಕಂಪದ ತೀವ್ರತೆ ಆರಕ್ಕಿಂತ ಸ್ವಲ್ಪ ಮೇಲೆ, ಅಷ್ಟೆ. ಜಪಾನಿನಲ್ಲಾಗಿದ್ದರೆ ಎರಡು ದಿನದ ಸುದ್ದಿ. ಇಲ್ಲಿ 5,700ಕ್ಕೂ ಹೆಚ್ಚು ಜನ ಸತ್ತರು, ಮೂರು ಲಕ್ಷಕ್ಕೂ ಹೆಚ್ಚು ಮನೆಗಳು ಬಿದ್ದವು ಇಲ್ಲವೇ ಜಖಂಗೊಂಡವು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದದ್ದು ಯೋಗ್ಯಕರ್ತಾ ನಗರದ ದಕ್ಷಿಣಕ್ಕಿರುವ ಬಾಂತುಲ್ ಜಿಲ್ಲೆ. ಆ ತಿಂಗಳೆಲ್ಲ ಸರ್ಕಾರ, ಪತ್ರಿಕೆ, ಜನ ಎಲ್ಲರೂ ಉತ್ತರಕ್ಕೆ ಮುಖ ಮಾಡಿ ಮೆರಾಪಿ ಜ್ವಾಲಾಮುಖಿ ಯಾವಾಗ ಸಿಡಿಯುತ್ತದೋ ಎಂದು ಕಾಯುತ್ತಿದ್ದರು. ಪೆಟ್ಟು ಬೆನ್ನ ಹಿಂದಿನಿಂದ ಬಂತು.

ನಾನು ತಿಪಟೂರು ಕಡೆಯ ಸಿವಿಲ್ ಎಂಜಿನಿಯರ್. 2001ರ ಕಛ್ ಭೂಕಂಪದ ನಂತರ ಅಲ್ಲಿ ಮನೆ ಕಟ್ಟಿಸುವ ಕೆಲಸದಲ್ಲಿದ್ದವನು. ಆ ಅನುಭವ ನೋಡಿ ಒಂದು ಪರಿಹಾರ ಸಂಸ್ಥೆ ನನ್ನನ್ನು ಬಾಂತುಲ್‌ಗೆ ಕಳಿಸಿತು. ಉಳಿದುಕೊಂಡದ್ದು ಇಮೊಗಿರಿಗೆ ಹತ್ತಿರದ ಒಂದು ಪುಟ್ಟ ಊರಿನಲ್ಲಿ. ಇಮೊಗಿರಿ ಎಂದರೆ ಮತಾರಾಂ ವಂಶದ ದೊರೆಗಳ ಸಮಾಧಿ ಬೆಟ್ಟ. ಹದಿನೇಳನೇ ಶತಮಾನದಲ್ಲಿ ಸುಲ್ತಾನ್ ಆಗುಂಗ್ ಕಟ್ಟಿಸಿದ್ದು. ಬೆಟ್ಟದ ಕೆಳಗೆ ಭತ್ತದ ಗದ್ದೆ, ತೆಂಗು, ಬಾಳೆ, ಜಗಲಿಯಲ್ಲಿ ಕೂತು ಬಟ್ಟೆಯ ಮೇಲೆ ಬಿಸಿ ಮೇಣದಿಂದ ಬಾಟಿಕ್ ಚಿತ್ತಾರ ಬರೆಯುವ ಹೆಂಗಸರು. ನಾನಿದ್ದ ಊರಿನ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ಕೆಲವು ಸಂಗತಿಗಳು ಅಲ್ಲಿಯವರಿಗೆ ಮುಜುಗರ ತರಬಹುದು.

ಒಂದು ವಿಷಯ ಎಂಜಿನಿಯರ್ ಕಣ್ಣಿಗೆ ತಕ್ಷಣ ಬಿತ್ತು. ಅಜ್ಜನ ಕಾಲದ ತೇಗದ ಕಂಬ-ತೊಲೆಯ ಮನೆಗಳು ಹೆಂಚು ಉದುರಿಸಿಕೊಂಡು ವಾಲಿ ನಿಂತಿದ್ದವು, ಒಳಗಿದ್ದವರು ಬದುಕಿದ್ದರು. ಬಿದಿರು ಮನೆಗಳಂತೂ ಅಲ್ಲಾಡಿ ಸುಮ್ಮನಾಗಿದ್ದವು. ಮಣ್ಣಿನ ಪುಡಿಯಾದದ್ದು ಕಂಬಿಯಿಲ್ಲದ, ಮೂಲೆ ಕಂಬವಿಲ್ಲದ ಹೊಸ ಇಟ್ಟಿಗೆ ಮನೆಗಳು. ಜನ ಯಾವುದನ್ನು ಆಸ್ತಿ ಎಂದು ಕಟ್ಟಿಕೊಂಡಿದ್ದರೋ ಅದೇ ಅವರನ್ನು ಕೊಂದಿತ್ತು. 1993ರಲ್ಲಿ ನಮ್ಮ ಬೀದರ್ ಗಡಿಯಾಚೆಯ ಕಿಲ್ಲಾರಿಯಲ್ಲಿ ಆದದ್ದೂ ಇದೇ. ಅಲ್ಲಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಇಲ್ಲಿ ಇಟ್ಟಿಗೆ.

ಕಲ್ಲುಮಣ್ಣು ಎತ್ತಿ ಹಾಕುವಾಗ ನನಗೆ ಇದ್ದ ಚಿಂತೆ ಹದ್ದುಬಸ್ತಿನದು. ಗೋಡೆ, ಬೇಲಿ ಎರಡೂ ಹೋಗಿ ಇಡೀ ಊರು ಒಂದೇ ಇಟ್ಟಿಗೆ ರಾಶಿಯಾಗಿತ್ತು. ನಮ್ಮ ಕಡೆಯಾಗಿದ್ದರೆ ಸಂಜೆಯೊಳಗೆ ಸರ್ವೆಗೆ ಅರ್ಜಿ, ವಾರದೊಳಗೆ ಕೋರ್ಟಿನ ತಡೆಯಾಜ್ಞೆ. ಅಲ್ಲಿ ಮಾಡಿದ್ದೇನೆಂದರೆ, ಊರಿನ ಹಿರಿಯಜ್ಜಿಯನ್ನು ಕರೆತಂದರು. ಎಲ್ಲರೂ ಆಕೆಯನ್ನು ಎಂಬಾಹ್, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಆಕೆ ಕೋಲೂರಿಕೊಂಡು ರಾಶಿಯ ಸುತ್ತ ನಡೆದಳು. "ಇಲ್ಲಿ ನಮ್ಮ ಮಾವ ಹಾಕಿದ ಹಲಸಿನ ಮರ ಇತ್ತು, ಬುಡ ಇನ್ನೂ ಮಣ್ಣೊಳಗೆ ಇರಬೇಕು, ಅಗೆದು ನೋಡಿ. ಅಲ್ಲಿಂದ ಬಾವಿಗೆ ನೇರ ಹಗ್ಗ ಹಿಡೀರಿ" ಎಂದಳು. ಅಗೆದರು, ಬುಡ ಸಿಕ್ಕಿತು, ಹಗ್ಗ ಹಿಡಿದರು. ಎರಡೂ ಮನೆಯವರು ತಲೆಯಾಡಿಸಿ ಗೂಟ ಹೊಡೆದರು. ಎಲ್ಲ ಕಡೆ ಇಷ್ಟು ಸಲೀಸಾಗಲಿಲ್ಲ. ಚರಂಡಿಯ ಪಕ್ಕದ ಮೊಳ ಜಾಗಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ನಾನು ಅಲ್ಲಿಂದ ಹೊರಡುವಾಗಲೂ ಮಾತು ಬಿಟ್ಟೇ ಇದ್ದರು. ಆದರೂ ಬಹುಪಾಲು ಮನೆಗಳ ಗಡಿ ತೀರ್ಮಾನವಾದದ್ದು ಹೀಗೆ, ಬದುಕುಳಿದವರ ನೆನಪಿನಿಂದ.

ಕಾಗದ ಇರಲಿಲ್ಲವೆಂದಲ್ಲ. ಗ್ರಾಮ ಕಚೇರಿಯಲ್ಲಿ 'ಲೆಟರ್ ಸಿ' ಎಂಬ ದಪ್ಪ ಪುಸ್ತಕ ಇರುತ್ತದೆ. ಯಾರ ಹೆಸರಲ್ಲಿ ಎಷ್ಟು ಜಾಗ, ಯಾವ ದರ್ಜೆಯದು, ಕಂದಾಯವೆಷ್ಟು ಎಂದು ಬರೆದ ಹಳೆಯ ಖಾತೆ. ಅದರ ಬರವಣಿಗೆ ಚಾರಿಕ್ ಎಂಬ ಗ್ರಾಮ ಕಾರ್ಯದರ್ಶಿಯದು. ಪುಟ ತಿರುವಿದರೆ ಅಜ್ಜ, ಮುತ್ತಜ್ಜನ ಹೆಸರುಗಳು. ಸತ್ತವರ ಹೆಸರಿನಲ್ಲಿ ನಿಂತುಹೋದ ಪಹಣಿ ನೋಡಿ ಬೆಳೆದ ನನಗೆ ಅದೇನೂ ಹೊಸದಲ್ಲ. ಆದರೆ ಇಂಡೊನೇಷ್ಯಾದ 1960ರ ಭೂಕಾನೂನಿನ ಪ್ರಕಾರ ಲೆಟರ್ ಸಿ ಮಾಲೀಕತ್ವದ ಪತ್ರವಲ್ಲ, ಒಂದು ಸುಳಿವು ಮಾತ್ರ. ಗಟ್ಟಿ ಹಕ್ಕು ಬೇಕೆಂದರೆ ರಾಷ್ಟ್ರೀಯ ಭೂ ಇಲಾಖೆ ಕೊಡುವ ಸರ್ಟಿಫಿಕೇಟ್ ಬೇಕು. ಅದು ಎಷ್ಟು ಜನರ ಕೈಯಲ್ಲಿತ್ತು? ದೇಶದ 12.6 ಕೋಟಿ ತುಂಡು ಭೂಮಿಯಲ್ಲಿ 2015ರ ಹೊತ್ತಿಗೆ ಸರ್ಟಿಫಿಕೇಟ್ ಆಗಿದ್ದದ್ದು 4.6 ಕೋಟಿಗೆ ಮಾತ್ರ ಎಂದು ಆಗಿನ ಅಧ್ಯಕ್ಷ ಜೊಕೊ ವಿಡೊಡೊ ಭಾಷಣದ ಮೇಲೆ ಭಾಷಣದಲ್ಲಿ ಹೇಳುತ್ತಿದ್ದರು. ಉಳಿದದ್ದೆಲ್ಲ ಆ ಅಜ್ಜಿಯಂಥವರ ತಲೆಯಲ್ಲಿತ್ತು ಎಂದೇ ಅರ್ಥ.

ಪಾಲಿನ ವಿಷಯದಲ್ಲಿ ಅವರು ನಮಗಿಂತ ಮುಂದಿದ್ದರು. ಹೆಣ್ಣುಮಕ್ಕಳಿಗೂ ನೆಲ ಸಿಗುತ್ತದೆ, ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಕೆಲವರು ಸಮನಾಗಿ ಹಂಚುತ್ತಾರೆ. ಕೆಲವರು ಗಂಡಿಗೆ ಎರಡು, ಹೆಣ್ಣಿಗೆ ಒಂದು ಎನ್ನುತ್ತಾರೆ: ಗಂಡಸು ಅಡ್ಡೆಯ ಎರಡು ತುದಿಯಲ್ಲಿ ಹೊರುತ್ತಾನೆ, ಹೆಂಗಸು ಬೆನ್ನಿಗೆ ಕಟ್ಟಿದ ಸೆರಗಿನಲ್ಲಿ ಒಂದೇ ಹೊರೆ ಹೊರುತ್ತಾಳೆ ಎಂಬ ಲೆಕ್ಕ. ತಂದೆತಾಯಿಯನ್ನು ಕೊನೆತನಕ ನೋಡಿಕೊಂಡ ಕಿರಿಯ ಮಗಳಿಗೆ ಮೂಲ ಮನೆಯೇ ಬಂದದ್ದನ್ನೂ ಕಂಡಿದ್ದೇನೆ.

ನಾನು ಕಾಲಿಟ್ಟ ದಿನವೇ ಹಾಜರಾಗಬೇಕಾಗಿದ್ದದ್ದು ಪೊಲೀಸ್ ಠಾಣೆಗಲ್ಲ, 'ಪಾಕ್ ಎರ್ತೆ' ಮನೆಗೆ. ಎರ್ತೆ ಅಂದರೆ ಮೂವತ್ತು ನಲವತ್ತು ಮನೆಗಳ ನೆರೆಹೊರೆ ಘಟಕ. ಅದರ ಮುಖ್ಯಸ್ಥನನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಪಾಕ್ ಎರ್ತೆ ಎಂದೇ ಕರೆಯುತ್ತಾರೆ. 24 ಗಂಟೆಗಿಂತ ಹೆಚ್ಚು ಉಳಿಯುವ ನೆಂಟ ವರದಿ ಮಾಡಿಕೊಳ್ಳಬೇಕು ಎಂಬ ಫಲಕ ಇಂಡೊನೇಷ್ಯಾದ ಊರೂರಲ್ಲಿ ಕಾಣುತ್ತದೆ. ಈ ನೆರೆಹೊರೆ ವ್ಯವಸ್ಥೆಯನ್ನು ಮೊದಲು ತಂದವರು ಎರಡನೇ ಮಹಾಯುದ್ಧದ ಕಾಲದಲ್ಲಿ ಜಾವಾವನ್ನು ಆಳಿದ ಜಪಾನೀಯರು. ಜನರ ಮೇಲೆ ಜನರಿಂದಲೇ ಕಣ್ಣಿಡಿಸುವ ಉಪಾಯ ಅದು. ಜಪಾನೀಯರು ಹೋದರು, ವ್ಯವಸ್ಥೆ ಉಳಿಯಿತು. ಆಮೇಲೆ ಅಧಿಕಾರಕ್ಕೆ ಬಂದ ಸುಹಾರ್ತೊ ಸರ್ಕಾರ ಅದನ್ನು ಇನ್ನಷ್ಟು ಬಿಗಿ ಮಾಡಿತು. ಈ ಇತಿಹಾಸ ಗೊತ್ತಿದ್ದ ನನಗೆ ಪಾಕ್ ಎರ್ತೆಯ ಮನೆಗೆ ಹೋಗುವಾಗ ಸ್ವಲ್ಪ ಅಳುಕಿತ್ತು. ಮನೆ ಎಂದರೆ ನೀಲಿ ಟಾರ್ಪಾಲಿನ ಡೇರೆ. ಆತ ಶಾಲೆಯಲ್ಲಿ ಪಾಠ ಹೇಳುವ ಸೌಮ್ಯ ಮನುಷ್ಯ. ನನ್ನ ಪಾಸ್‌ಪೋರ್ಟಿನ ಜೆರಾಕ್ಸ್ ಇಟ್ಟುಕೊಂಡು, ಗೆರೆ ಹಾಕಿದ ನೋಟ್‌ಪುಸ್ತಕದಲ್ಲಿ ಹೆಸರು ಬರೆದು, ಸಿಹಿ ಟೀ ಕೊಟ್ಟು ಹೇಳಿದ: "ಮಾಸ್ (ಅಣ್ಣ), ಇನ್ನು ನೀವು ನಮ್ಮವರು. ನಿಮಗೇನಾದರೂ ಆದರೆ ನಾನು ಉತ್ತರ ಹೇಳಬೇಕು. ನೀವೇನಾದರೂ ಮಾಡಿದರೂ ನಾನೇ ಉತ್ತರ ಹೇಳಬೇಕು."

ಆಮೇಲೆ ಒಂಟಿಯಾಗಿರುವುದು ಎಂಬುದೇ ಮುಗಿಯಿತು. ದಾರಿಯಲ್ಲಿ ಎದುರಾದವರೆಲ್ಲ ಕೇಳುವುದು ಒಂದೇ: ಎಲ್ಲಿಗೆ ಹೊರಟಿರಿ? ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಕೆಲಸ ಕೆಡುತ್ತದೆ ಎಂದು ನಮ್ಮಮ್ಮ ಸಿಡುಕುತ್ತಿದ್ದ ಮನೆಯಿಂದ ಬಂದವನು ನಾನು. ಮೊದಮೊದಲು ಹಿಂಸೆಯಾಯಿತು. ಅದು ಬರೀ ಕುಶಲೋಪರಿ, 'ಆ ಕಡೆಗೆ' ಎಂದರೆ ಸಾಕು ಎಂದು ಆಮೇಲೆ ಗೊತ್ತಾಯಿತು. ಆದರೆ ಬರೀ ಕುಶಲೋಪರಿಯೂ ಅಲ್ಲ. ಒಂದು ಸಂಜೆ ಬೈಕ್ ಕೆಟ್ಟು ಗದ್ದೆ ಬದಿಯಲ್ಲಿ ನಿಂತಿದ್ದೆ. ಹುಡುಕಿಕೊಂಡು ಬಂದ ಹುಡುಗರಿಗೆ ನಾನು ಯಾವ ದಾರಿ ಹಿಡಿದೆ, ಎಷ್ಟು ಹೊತ್ತಿಗೆ ಹಿಡಿದೆ ಎಂಬುದೆಲ್ಲ ಗೊತ್ತಿತ್ತು. ಹಾಗೆಯೇ ನನಗೆ ಬರುವ ಫೋನು, ನಾನು ಸೇದುವ ಸಿಗರೇಟು, ನಾನು ದನದ ಮಾಂಸ ಬೇಡವೆಂದದ್ದು ಎಲ್ಲವೂ ಊರಿಗೇ ಗೊತ್ತಿತ್ತು. ಮಕ್ಕಳಿಗೆ ಮಾತ್ರ ಇದ್ಯಾವುದೂ ಬೇಕಿರಲಿಲ್ಲ. ಭಾರತದಿಂದ ಬಂದವನು ಶಾರುಖ್ ಖಾನ್‌ನ ಪರಿಚಯಸ್ಥನಾಗಿರಲೇಬೇಕು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ರಾತ್ರಿ ಕಾವಲಿಗೆ ಅಲ್ಲಿ ರೊಂಡಾ ಎನ್ನುತ್ತಾರೆ. ಭೂಕಂಪದ ಬೆಳಿಗ್ಗೆ ಸಮುದ್ರ ಉಕ್ಕಿ ಬರುತ್ತಿದೆ ಎಂಬ ಸುಳ್ಳು ಸುದ್ದಿ ಹಬ್ಬಿ ಜನ ಮನೆಮಠ ಬಿಟ್ಟು ಉತ್ತರಕ್ಕೆ ಓಡಿದ್ದರು. 2004ರ ವರ್ಷಾಂತ್ಯದ ಸುನಾಮಿ ಎಲ್ಲರ ಮನಸ್ಸಿನಲ್ಲೂ ಹಸಿಯಾಗಿತ್ತು. ವಾಪಸ್ ಬಂದ ರಾತ್ರಿಯಿಂದಲೇ ಇಟ್ಟಿಗೆ ರಾಶಿಗೆ ಕಾವಲು ಶುರುವಾಗಿತ್ತು. ರಾಶಿಯೊಳಗೆ ಅಕ್ಕಿ ಇತ್ತು, ಒಡವೆ ಇತ್ತು, ಬೈಕ್ ಇತ್ತು. ನಾನು ಹೋದಾಗ ಸರದಿ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿತು. ಬಿದಿರ ಚಪ್ಪರ, ಕೆಳಗೊಂದು ಚಾಪೆ, ಶುಂಠಿ ಕಷಾಯ, ಬೇಯಿಸಿದ ಕಡಲೆಕಾಯಿ, ಲವಂಗದ ಸಿಗರೇಟಿನ ಘಾಟು, ಡಾಮಿನೊ ಆಟ. ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿದ್ದ ದಿನಗಳು ಅವು. ಅಲ್ಲಿನ ಪಂದ್ಯ ಜಾವಾದಲ್ಲಿ ನಡುರಾತ್ರಿಗೆ ಬರುತ್ತಿದ್ದುದರಿಂದ ಆ ತಿಂಗಳು ಕಾವಲಿಗೆ ಜನರ ಕೊರತೆ ಆಗಲೇ ಇಲ್ಲ. ಮನೆ ಕಳೆದುಕೊಂಡ ಗಂಡಸರು ಬ್ಯಾಟರಿಗೆ ಹಚ್ಚಿದ ಟಿವಿಯ ಮುಂದೆ ಬ್ರೆಜಿಲ್‌ಗಾಗಿ ಕೂಗುತ್ತಿದ್ದರು.

ಈ ರೊಂಡಾದಲ್ಲಿ ನನಗೆ ಬಹಳ ಹಿಡಿಸಿದ್ದು ಜಿಂಪಿತಾನ್. ಪ್ರತಿ ಮನೆಯ ಮುಂದೆ ಮೊಳೆಗೆ ಒಂದು ಪುಟ್ಟ ಡಬ್ಬಿ ನೇತುಹಾಕಿರುತ್ತಾರೆ. ಸಂಜೆ ಅದರಲ್ಲಿ ಒಂದು ಚಿಟಿಕೆ, ಹೆಚ್ಚೆಂದರೆ ಒಂದು ಚಮಚ ಅಕ್ಕಿ. ಕೆಲವರು ಒಂದು ನಾಣ್ಯ. ಕಾವಲಿನವರು ರಾತ್ರಿ ಮನೆಮನೆಗೂ ಹೋಗಿ ಸುರಿದುಕೊಳ್ಳುತ್ತಾರೆ. ಅಕ್ಕಿ ಮಾರಿದ ಹಣ ಸಾವಿನ ಮನೆಗೆ, ದಾರಿದೀಪಕ್ಕೆ, ಬಾಡಿಗೆಗೆ ಕೊಡುವ ಕುರ್ಚಿಗೆ. ನೋಡಿದರೆ ಚಂದಾ ಎತ್ತುವ ಕ್ರಮ. ಆದರೆ ಡಬ್ಬಿಗಾಗಿ ಪ್ರತಿ ಬಾಗಿಲಿಗೂ ಹೋಗಲೇಬೇಕಲ್ಲ! ಯಾರ ಮನೆಯಲ್ಲಿ ದೀಪ ಹತ್ತಿಲ್ಲ, ಯಾರು ಕೆಮ್ಮುತ್ತಿದ್ದಾರೆ, ಯಾರ ಬೈಕ್ ಹೊರಗೇ ಉಳಿದಿದೆ ಎಂಬುದೆಲ್ಲ ಅಕ್ಕಿಯ ಜೊತೆಗೇ ಬರುತ್ತದೆ. ಡಬ್ಬಿ ಖಾಲಿ ಇದ್ದರೆ ಬೆಳಿಗ್ಗೆ ಯಾರಾದರೂ ಹೋಗಿ ವಿಚಾರಿಸುತ್ತಾರೆ. ಗೋಡೆಗಳೆಲ್ಲ ಬಿದ್ದಿದ್ದ ಆ ದಿನಗಳಲ್ಲಿ ಡಬ್ಬಿಗಳು ಡೇರೆಯ ಗೂಟಗಳಿಗೆ ನೇತಾಡುತ್ತಿದ್ದವು.

ಚಪ್ಪರದ ಪಕ್ಕದಲ್ಲಿ ತೂಗುಬಿಟ್ಟಿದ್ದ ಕೆಂತೊಂಗಾನ್ ಎಂಬ ಟೊಳ್ಳು ಮರದ ತುಂಡಿಗೆ ಒಂದು ಭಾಷೆಯೇ ಇತ್ತು. ಎರಡೆರಡು ಏಟು ಎಂದರೆ ಕಳ್ಳ, ಮೂರು ಮೂರು ಬೆಂಕಿ, ನಾಲ್ಕು ನಾಲ್ಕು ಪ್ರಕೃತಿ ವಿಕೋಪ. ದನಗಳ್ಳತನಕ್ಕೆ ಬೇರೆಯೇ ಐದೈದು ಏಟು. ಹಸುವಿಗೆ ಪ್ರತ್ಯೇಕ ಸಂಕೇತ ಏಕೆ ಎಂದು ಕೇಳಿದೆ. ನಕ್ಕರು. ಬ್ಯಾಂಕಿನ ಪುಸ್ತಕ ಇಲ್ಲದ ಮನೆಗೆ ಹಸುವೇ ಠೇವಣಿ. ಮಗಳ ಮದುವೆ, ಮಗನ ಕಾಲೇಜು ಎಲ್ಲ ಕೊಟ್ಟಿಗೆಯಲ್ಲಿ ನಿಂತಿರುತ್ತದೆ. ಭೂಕಂಪದ ನಂತರ ಕೆಲವರು ಮಕ್ಕಳನ್ನು ಡೇರೆಯೊಳಗೆ ಮಲಗಿಸಿ ತಾವು ಹಸುವಿನ ಪಕ್ಕ ಮಲಗುತ್ತಿದ್ದರು.

ನಮ್ಮಲ್ಲಿ ಊರು ಕಾಯುವುದು ತಳವಾರನ, ತೋಟಿಯ ಕೆಲಸವಾಗಿತ್ತು. ಒಂದು ಕುಲದ ತಲೆಗೆ ಕಟ್ಟಿ, ಅದಕ್ಕೆ ಇನಾಮು ಜಮೀನು ಬಿಟ್ಟುಕೊಟ್ಟು, ಉಳಿದವರು ನಿದ್ದೆ ಮಾಡುತ್ತಿದ್ದೆವು. 1961ರಲ್ಲಿ ಕಾನೂನು ಮಾಡಿ ಆ ಹುದ್ದೆಗಳನ್ನು ರದ್ದು ಮಾಡಿದ ಮೇಲೆ ಕಾವಲೂ ಹೋಯಿತು. ಜಾವಾದಲ್ಲೂ ಗ್ರಾಮದ ಅಧಿಕಾರಿಗಳಿಗೆ ಸಂಬಳದ ಬದಲು ನೆಲ ಬಿಟ್ಟುಕೊಡುವ ಪದ್ಧತಿ ಇದೆ. ಆದರೆ ರಾತ್ರಿ ಕಾವಲು ಮಾತ್ರ ಸರದಿಯದು. ಶಾಲೆ ಮೇಷ್ಟ್ರೂ ಬರಬೇಕು, ಕೂಲಿಯವನೂ ಬರಬೇಕು. ಇದನ್ನು ನೋಡಿ ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ಈ ಒಗ್ಗಟ್ಟು ನನ್ನ ಕೆಲಸಕ್ಕೆ ಅಡ್ಡ ಬಂದದ್ದೂ ಉಂಟು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಕೊಟ್ಟ ಪರಿಹಾರ 15 ಮಿಲಿಯನ್ ರುಪಿಯಾ. ಆಗಿನ ಲೆಕ್ಕಕ್ಕೆ ನಮ್ಮ 70,000 ರೂಪಾಯಿಗೆ ಸ್ವಲ್ಪ ಮೇಲೆ. ಮೂಲೆಗೊಂದು ಕಂಬ, ಕೆಳಗೆ ಮೇಲೆ ಬೀಮು ಹಾಕಿ ಪುಟ್ಟ ಮನೆ ಕಟ್ಟಲು ಅದೇ ಬಿಗಿ. ಊರಿನ ಸಭೆಯಲ್ಲಿ ಕೆಲವರು ಎಲ್ಲರಿಗೂ ಸಮ ಹಂಚೋಣ ಎಂದರು, ಮನೆ ಬರೀ ಬಿರುಕು ಬಿಟ್ಟವರನ್ನೂ ಸೇರಿಸಿ. ಬಾಂತುಲ್‌ನ ಎಷ್ಟೋ ಊರುಗಳಲ್ಲಿ ಈ ಸಮಪಾಲಿನ ಜಗಳ ನಡೆಯಿತು. ಹಣ ಹಂಚಿದರೆ ಕಂಬಿ ಸಣ್ಣದಾಗುತ್ತದೆ, ರಿಂಗುಗಳ ಅಂತರ ಹೆಚ್ಚಾಗುತ್ತದೆ, ಮುಂದಿನ ಭೂಕಂಪಕ್ಕೆ ಮತ್ತೆ ಹೆಣ ಎತ್ತಬೇಕಾಗುತ್ತದೆ ಎಂದು ನಾನು ಗಂಟಲು ಹರಿದುಕೊಂಡೆ. ಪಾಕ್ ಎರ್ತೆ ತಾಳ್ಮೆಯಿಂದ ಕೇಳಿ ಹೇಳಿದ: "ನೀವು ಕಂಬಿಯ ಲೆಕ್ಕ ಹೇಳ್ತಿದ್ದೀರಿ ಮಾಸ್, ಅದು ಸರಿ. ನಡುರಾತ್ರಿ ಕೆಂತೊಂಗಾನ್ ಬಡಿದರೆ ಯಾರು ಎದ್ದು ಬರ್ತಾರೆ, ಯಾರು ಮಗ್ಗುಲು ಬದಲಿಸಿ ಮಲಗ್ತಾರೆ ಅನ್ನೋ ಲೆಕ್ಕ ನನ್ನದು." ಕೊನೆಗೆ ಮನೆ ಬಿದ್ದವರು ತಮ್ಮ ಹಣದಲ್ಲಿ ಒಂದು ಪಾಲನ್ನು ಮಾತ್ರ ಬಿಟ್ಟುಕೊಟ್ಟರು, ಬಿರುಕಿನ ಮನೆಯವರು ಅವರ ಮನೆಗೆ ಮೈಮುರಿದು ದುಡಿದರು. ಆತನ ಮಾತಿನಲ್ಲಿ ಹುರುಳಿತ್ತು. ಆದರೂ ಕಂಬಿಯ ವಿಷಯದಲ್ಲಿ ಚೌಕಾಶಿ ಇರಬಾರದು ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಇನ್ನು ಹೇಳಬೇಕಾದದ್ದು ಎರಡೆರಡು ಏಟು ಬಿದ್ದ ರಾತ್ರಿಯ ಮಾತು. ನನ್ನ ಸರದಿ ಇರಲಿಲ್ಲ, ಮಲಗಿದ್ದೆ. ಮೊದಲು ನಮ್ಮ ಚಪ್ಪರದಿಂದ, ಕ್ಷಣದಲ್ಲಿ ಪಕ್ಕದ ಊರಿನಿಂದ, ಆಮೇಲೆ ನಾಲ್ಕೂ ದಿಕ್ಕಿನಿಂದ ಆ ಮರದ ಸದ್ದು ಏಳತೊಡಗಿತು. ಹೊರಗೆ ಬಂದರೆ ಲುಂಗಿ ಎತ್ತಿ ಕಟ್ಟಿಕೊಂಡು ಓಡುವ ಗಂಡಸರು, ಕೈಯಲ್ಲಿ ಕತ್ತಿ, ಬಿದಿರು, ಸಿಕ್ಕಿದ್ದು. ಬಾಳೆತೋಟದ ಅಂಚಿನಲ್ಲಿ ಒಬ್ಬ ಸಿಕ್ಕಿಬಿದ್ದಿದ್ದ. ಇಪ್ಪತ್ತರ ಆಸುಪಾಸಿನ ಹುಡುಗ. ಯಾವ ಊರು ಎಂದರೆ ಒಂದು ಹೆಸರು ಹೇಳಿದ, ಅದು ಯಾರಿಗೂ ಗೊತ್ತಿಲ್ಲದ್ದು. ಗುರುತಿನ ಚೀಟಿ ಇರಲಿಲ್ಲ. ಯಾರ ಮನೆಗೆ ಬಂದೆ ಎಂದರೆ ಉತ್ತರವಿಲ್ಲ. ನಾನು ತಲುಪುವಷ್ಟರಲ್ಲಿ ಅವನ ಬಾಯಿಂದ ರಕ್ತ ಸುರಿಯುತ್ತಿತ್ತು. ಹೊಡೆಯುತ್ತಿದ್ದವರು ಅಪರಿಚಿತರಲ್ಲ, ಬೆಳಿಗ್ಗೆ ನನ್ನ ಬಳಿ ರಿಂಗು ಬಗ್ಗಿಸುವುದನ್ನು ಕಲಿಯುತ್ತಿದ್ದ ಮೇಸ್ತ್ರಿಗಳು, ನನಗೆ ಕಡಲೆಕಾಯಿ ಬಿಡಿಸಿ ಕೊಡುತ್ತಿದ್ದವರು. ಯಾರೋ ಒಬ್ಬ ಬೈಕಿನ ಪೆಟ್ರೋಲ್ ತನ್ನಿ ಎಂದು ಕೂಗಿದ. ಆ ಕೂಗಿನ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಿಕ್ಕಿಬಿದ್ದ ಕಳ್ಳನನ್ನು ಸುಟ್ಟ ಸುದ್ದಿಗಳು ಆ ದೇಶದ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ.

ಪಾಕ್ ಎರ್ತೆ ಓಡಿಬಂದು ಹುಡುಗನ ಮೇಲೆ ಅಡ್ಡ ಬಿದ್ದ. ಬೈಯಲಿಲ್ಲ, ಕೂಗಲಿಲ್ಲ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ. ನೀನು ಇಂಥವರ ಮಗ, ನೀನು ಇಂಥ ತರಗತಿಯಲ್ಲಿ ನನ್ನ ಬಳಿ ಓದಿದವನು ಎಂದು ಒಬ್ಬೊಬ್ಬರಿಗೂ ಹೇಳುತ್ತ ಹೋದ. ಹೆಸರು ಕರೆಸಿಕೊಂಡವರು ಕೈ ಇಳಿಸಿದರು. ಪೊಲೀಸ್ ಜೀಪು ಬರುವ ಹೊತ್ತಿಗೆ ಜನ ಚದುರಿದ್ದರು. ಹುಡುಗ ಬದುಕಿದ. ಅವನು ಏನು ಕದ್ದಿದ್ದ ಎಂದು ಮರುದಿನ ಎಲ್ಲರನ್ನೂ ಕೇಳಿದೆ. ಕೋಳಿ ಎಂದರು ಕೆಲವರು, ಟಾರ್ಪಾಲು ಎಂದರು ಕೆಲವರು. ಯಾರ ಮನೆಯಲ್ಲೂ ಏನೂ ಕಳೆದಿರಲಿಲ್ಲ.

ಆ ಮೇಲೆ ನನಗೆ ಅಲ್ಲಿ ಭಯವೇನೂ ಆಗಲಿಲ್ಲ, ಅದೇ ವಿಚಿತ್ರ. ಬಾಗಿಲಿಲ್ಲದ ಡೇರೆಯಲ್ಲಿ ಲ್ಯಾಪ್‌ಟಾಪ್ ಬಿಟ್ಟು ಹೋಗುತ್ತಿದ್ದೆ, ಯಾರೂ ಮುಟ್ಟುತ್ತಿರಲಿಲ್ಲ. ಆದರೆ ನನ್ನನ್ನು ಕಾಪಾಡುತ್ತಿದ್ದದ್ದು ಆ ನೋಟ್‌ಪುಸ್ತಕದ ಒಂದು ಸಾಲು ಎಂಬುದು ಸ್ಪಷ್ಟವಾಯಿತು. ಆ ಸಾಲಿನಲ್ಲಿ ಯಾರಿಗೆ ಜಾಗ ಎಂಬುದನ್ನು ಊರು ಮಾತ್ರ ನಿರ್ಧರಿಸುವುದಿಲ್ಲ, ರಾಜ್ಯವೂ ನಿರ್ಧರಿಸುತ್ತದೆ. ಯೋಗ್ಯಕರ್ತಾದಲ್ಲಿ 1975ರ ಒಂದು ಸರ್ಕಾರಿ ಸೂಚನೆಯ ಪ್ರಕಾರ ಚೀನೀ ಮೂಲದ ಇಂಡೊನೇಷ್ಯಾ ಪ್ರಜೆಗಳಿಗೆ ಪೂರ್ಣ ಮಾಲೀಕತ್ವದ ಭೂಮಿ ಸಿಗುವುದಿಲ್ಲ. ತಲೆಮಾರುಗಳಿಂದ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರ ಮಾತು ಇದು. ನನ್ನ ದೃಷ್ಟಿಯಲ್ಲಿ ಇದಕ್ಕೆ ಸಮರ್ಥನೆಯಿಲ್ಲ.

ಬಹಳ ವರ್ಷಗಳ ಮೇಲೆ ಆ ಊರಿಗೆ ಮತ್ತೆ ಹೋಗಿದ್ದೆ. 2017ರಲ್ಲಿ ಶುರುವಾದ ಸಮಗ್ರ ಭೂನೋಂದಣಿ ಯೋಜನೆಯಲ್ಲಿ ಬಹುತೇಕರಿಗೆ ಸರ್ಟಿಫಿಕೇಟ್ ಬಂದಿತ್ತು. ಪ್ಲಾಸ್ಟಿಕ್ ಚೀಲದಿಂದ ತೆಗೆದು ಹೆಮ್ಮೆಯಿಂದ ತೋರಿಸಿದರು. ಅಜ್ಜಿ ತೀರಿಕೊಂಡಿದ್ದಳು; ಹಲಸಿನ ಬುಡಕ್ಕೆ ಈಗ ಯಾರ ಸಾಕ್ಷಿಯೂ ಬೇಕಿರಲಿಲ್ಲ. ಚರಂಡಿ ಪಕ್ಕದ ಮೊಳ ಜಾಗವೂ ನಕ್ಷೆಯಲ್ಲಿ ತಮ್ಮನ ಕಡೆ ಬಿದ್ದು ಜಗಳ ಮುಗಿದಿತ್ತು. ಕೆಲವು ಸರ್ಟಿಫಿಕೇಟುಗಳು ಆಗಲೇ ಬ್ಯಾಂಕಿನಲ್ಲಿ ಅಡವಾಗಿದ್ದವು. ರಸ್ತೆ ಬದಿಯ ಎರಡು ಗದ್ದೆ ಹೊರಗಿನವರ ಪಾಲಾಗಿ ಕಾಫಿ ಅಂಗಡಿ ಎದ್ದಿತ್ತು. ಮೊದಲು ಆ ನೆಲ ಯಾರದೆಂದು ಊರಿಗೆ ಮಾತ್ರ ಗೊತ್ತಿದ್ದುದರಿಂದ ಊರನ್ನು ಕೇಳದೆ ಮಾರುವುದು ಕಷ್ಟವಿತ್ತು. ಈಗ ಒಂದು ಮಧ್ಯಾಹ್ನದ ಕೆಲಸ. ಹಾಗೆಂದು ಕಾಗದ ಬರಬಾರದಿತ್ತು ಎಂದು ನಾನು ಹೇಳಲಾರೆ. ಅಡವಿಟ್ಟ ಹಣದಲ್ಲಿ ನರ್ಸಿಂಗ್ ಓದಿದ ಹುಡುಗಿಯೂ ಅಲ್ಲಿದ್ದಳು. ರೊಂಡಾ ವಾರಕ್ಕೊಮ್ಮೆಗೆ ಇಳಿದಿತ್ತು. ಕಾರ್ಖಾನೆಯ ಪಾಳಿಗೆ ಹೋಗುವ ಹುಡುಗರು ಬರುವ ಬದಲು ದಂಡ ಕಟ್ಟುತ್ತಾರೆ. ಕಾಫಿ ಅಂಗಡಿಗೆ ಎರಡು ಕ್ಯಾಮೆರಾ ಇದ್ದವು.

ಕೊನೆಗೆ, ಆ ಕಡೆ ಹೋಗಿಬರುವ ನಮ್ಮವರಿಗೆ ಒಂದು ಮಾತು. ಬಾಲಿಯಲ್ಲಿ, ಯೋಗ್ಯಕರ್ತಾದಲ್ಲಿ ಹಸಿರು ಗದ್ದೆ ನೋಡಿ ಸ್ಥಳೀಯರೊಬ್ಬರ ಹೆಸರಿನಲ್ಲಿ ಜಾಗ ಕೊಂಡುಬಿಡೋಣ ಎನ್ನುವ ಕನ್ನಡಿಗರು ಈಚೆಗೆ ನನಗೆ ಫೋನ್ ಮಾಡುತ್ತಾರೆ. ಕೊಳ್ಳಬೇಡಿ. 1960ರ ಕಾನೂನಿನಲ್ಲಿ ವಿದೇಶಿಯರಿಗೆ ಪೂರ್ಣ ಮಾಲೀಕತ್ವವಿಲ್ಲ. ಬೇರೆಯವರ ಹೆಸರಿನ ಮರೆಯಲ್ಲಿ ಕೊಂಡದ್ದು ಬಯಲಾದರೆ ವ್ಯವಹಾರ ರದ್ದಾಗುತ್ತದೆ, ನೆಲ ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣವನ್ನು ವಾಪಸ್ ಕೇಳುವ ಹಕ್ಕೂ ನಿಮಗಿರುವುದಿಲ್ಲ.